ಆಧಾರ್ ಫೋಟೋ ಸಾಕಾ ಅಜ್ಜಿಗೆ?

ಮಂಡ್ಯ ಕಡೆಯ ಯಾವುದಾದರೂ ಊರಿನ ಬಸ್ ಸ್ಟ್ಯಾಂಡಿನಲ್ಲಿ ಶ್ರದ್ಧಾಂಜಲಿ ಫ್ಲೆಕ್ಸ್ ಗಮನಿಸಿ. ಯಜಮಾನರ ಫೋಟೋ ಬಿಳಿ ಶರ್ಟು, ಶಲ್ಯದಲ್ಲಿ ಠೀವಿಯಾಗಿರುತ್ತದೆ. ಅಜ್ಜಿಯರದು ಎಷ್ಟೋ ಸಲ ಆಧಾರ್ ಕಾರ್ಡಿನಿಂದ ಹಿಗ್ಗಿಸಿದ್ದು, ಇಲ್ಲವೇ ಯಾರದೋ ಮದುವೆಯ ಗ್ರೂಪ್ ಫೋಟೋದಿಂದ ಕತ್ತರಿಸಿದ್ದು. ಪಕ್ಕದವರ ಭುಜವೂ ಜೊತೆಗೆ ಬಂದಿರುತ್ತದೆ. "ತಿಥಿಗೆ ಬೇಕು, ಸ್ವಲ್ಪ ಕ್ಲಿಯರ್ ಮಾಡ್ಕೊಡಿ ಸಾರ್" ಅಂತ ನನ್ನ ಫೋಟೋ ಸ್ಟುಡಿಯೋಗೆ ಬರುವವರನ್ನು ಮನೆಯಲ್ಲಿ ಇನ್ಯಾರು ಹಿರಿಯರಿದ್ದಾರೆ ಎಂದು ಕೇಳುತ್ತೇನೆ. ಅದು ಕೇಳುವ ಹೊತ್ತಲ್ಲ, ಗೊತ್ತು. ಆದರೂ ಕೇಳುತ್ತೇನೆ.

ಆ ಹಿರಿಯರ ಫೋಟೋ ಈಗಲೇ ತೆಗೆದಿಡಿ. ಅವರನ್ನು ಸ್ಟುಡಿಯೋಗೆ ಕರೆತರುವುದು ಬೇಡ. ಮನೆಯಲ್ಲೇ ತೆಗೆಯಿರಿ, ಮೊಬೈಲ್ ಸಾಕು. ನಾಡಹೆಂಚಿನ ಮನೆಯೊಳಗೆ ಕತ್ತಲು ಜಾಸ್ತಿ, ಬಾಗಿಲಿನಿಂದ ಮಾತ್ರ ಬೆಳಕು. ಅದೇ ಒಳ್ಳೆಯದು. ಬಿಸಿಲು ನೇರ ಬೀಳದ ಬಾಗಿಲ ಹತ್ತಿರ, ಎರಡು ಅಡಿ ಒಳಗೆ, ಮುಖ ಸ್ವಲ್ಪ ಹೊರಗಡೆಗೆ ತಿರುಗಿಸಿ ಕೂರಿಸಿ. ಹೊಸ್ತಿಲ ಮೇಲೆ ಮಾತ್ರ ಬೇಡ, ಬೈಸಿಕೊಳ್ಳುತ್ತೀರಿ. ತೊಟ್ಟಿ ಮನೆಯಾದರೆ ತೊಟ್ಟಿ ಪಕ್ಕದ ಜಗಲಿಯೇ ಸರಿ.

ಮುಖದ ಹತ್ತಿರ ಹೋಗಿ ಫೋಟೋ ಹೊಡೆದರೆ ಮೂಗು ದಪ್ಪವಾಗಿ ಕಾಣುತ್ತದೆ. ಐದಾರು ಅಡಿ ದೂರ ನಿಂತು 2x ಒತ್ತಿ. ಬ್ಯೂಟಿ ಮೋಡ್ ಆಫ್ ಇರಲಿ. ಪೋರ್ಟ್ರೇಟ್ ಮೋಡೂ ಬೇಡ, ಎಳೆಎಳೆಯಾದ ಬಿಳಿ ಕೂದಲನ್ನು ಅದು ಗೋಡೆ ಅಂದುಕೊಂಡು ಮಸುಕು ಮಾಡಿಬಿಡುತ್ತದೆ. ತೀರಿಕೊಂಡ ಯಜಮಾನರ ಫೋಟೋ ಹಿಡಿದು ಕೂರುತ್ತೇನೆ ಅಂತ ಕೆಲವರು ಕೇಳುತ್ತಾರೆ. ಕೂರಲಿ. ಫ್ರೇಮಿನ ಮೇಲ್ಭಾಗ ಸ್ವಲ್ಪ ಮುಂದಕ್ಕೆ ಬಾಗಿಸಿದರೆ ಗಾಜು ಹೊಳೆಯುವುದಿಲ್ಲ.

ಕ್ಯಾಮೆರಾ ನೋಡಿದ ಕೂಡಲೇ ಅಜ್ಜಿ ಸೆಟೆದುಕೊಂಡು ಬಿಡುತ್ತಾರೆ. "ನಗಿ ಅಜ್ಜಿ" ಅಂದರೆ ಇನ್ನೂ ಬಿಗಿ. ಮಾತಿಗೆ ಎಳೆಯಿರಿ. ಇಸವಿ ಕೇಳಿದರೆ ಹೇಳಲು ಬರದಿರಬಹುದು. "ಮೈಸೂರು ಮಹಾರಾಜರು ತೀರಿಕೊಂಡಾಗ ನಿಮಗೆ ಮದುವೆ ಆಗಿತ್ತಾ?" ಅಂತ ಕೇಳಿ. ಜಯಚಾಮರಾಜ ಒಡೆಯರ್ ತೀರಿಕೊಂಡದ್ದು 1974ರಲ್ಲಿ. ಅಲ್ಲಿಂದ ಹಿಂದೆ ಮುಂದೆ ಎಣಿಸುತ್ತಾ ಗಂಡನ ಮನೆಗೆ ಬಂದದ್ದು, ಹೆರಿಗೆ, ಗದ್ದೆ ನಾಟಿ ಎಲ್ಲ ಬರುತ್ತದೆ. ಇನ್ನೊಂದು ಮೊಬೈಲಿನಲ್ಲಿ ಅವರಿಗೆ ಹೇಳಿ ಆ ಮಾತು ರೆಕಾರ್ಡ್ ಮಾಡಿಕೊಳ್ಳಿ. ಹೇಳುತ್ತಾ ಹೇಳುತ್ತಾ ಕೈ ಆಡುತ್ತದಲ್ವಾ, ಆಗ ತೆಗೆಯಿರಿ. ಮಳವಳ್ಳಿ, ಮದ್ದೂರು ಕಡೆ ರೇಷ್ಮೆ ಸಾಕಿದ ಮನೆಯ ಅಜ್ಜಿಯ ಪಕ್ಕ ಅಟ್ಟದ ಮೇಲಿನ ಹಳೇ ಚಂದ್ರಿಕೆ (ರೇಷ್ಮೆಹುಳ ಗೂಡು ಕಟ್ಟುವ ಬಿದಿರಿನ ತಟ್ಟೆ) ಇಟ್ಟು ನೋಡಿ. ಹುಳ ಹಣ್ಣಾದಾಗ, ಅಂದರೆ ಗೂಡು ಕಟ್ಟಲು ಸಿದ್ಧವಾದಾಗ, ಹೇಗೆ ಆರಿಸಿ ಬಿಡುತ್ತಿದ್ದೆವು ಅಂತ ಕೈಯಲ್ಲೇ ತೋರಿಸುತ್ತಾರೆ.

ಇನ್ನು ಸೀರೆ, ಒಡವೆ. ಸೊಸೆಯಂದಿರು ಮೈಸೂರು ಸಿಲ್ಕ್ ಉಡಿಸಲು ನೋಡುತ್ತಾರೆ, ಅಜ್ಜಿಗೆ ಮೆತ್ತಗಿನ ಹಳೇ ಸೀರೆಯೇ ಹಿತ. ಅಜ್ಜಿ ಹೇಳಿದ್ದೇ ನಡೆಯಬೇಕು. ಗಂಡ ತೀರಿಕೊಂಡವರ ಬೋಳು ಹಣೆಗೆ ಕಂಪ್ಯೂಟರಿನಲ್ಲಿ ಕುಂಕುಮ ಇಡಿ ಅಂತ ಮಕ್ಕಳು ಕೇಳುವುದುಂಟು. ಅಜ್ಜಿಯೇ ಕೇಳಿದರೆ ಕ್ಲಿಕ್ ಮಾಡುವ ಮುಂಚೆ ನಿಜವಾದ ಕುಂಕುಮವನ್ನೇ ಇಟ್ಟುಕೊಳ್ಳಲಿ. ಮಕ್ಕಳ ಮಾತಿಗೆ ನಾನು ಹಾಕಿಕೊಡುವುದಿಲ್ಲ.

ಪ್ರಿಂಟ್‌ಗೆ ಕೊಡುವಾಗ ವಾಟ್ಸಾಪಿನಲ್ಲಿ ಸುಮ್ನೆ ಫೋಟೋ ಆಗಿ ಕಳಿಸಬೇಡಿ, ಅದು ಫೈಲ್ ಕುಗ್ಗಿಸುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ. 8x12 ಇಂಚಿನ ಒಳ್ಳೆಯ ಪ್ರಿಂಟ್‌ಗೆ 2400x3600 ಪಿಕ್ಸೆಲ್ ಇದ್ದರೆ ಸಾಕು. ಎರಡು ಹಾಕಿಸಿ, ಒಂದನ್ನು ಅಜ್ಜಿಯ ಕೈಗೇ ಕೊಡಿ. ಚೆನ್ನಾಗಿಲ್ಲ ಅಂದರೆ ಇನ್ನೊಂದು ದಿನ ಮತ್ತೆ ತೆಗೆಯಿರಿ.