ಅಂಡರ್‌ಟೋನ್ ಅಂದ್ರೆ ಏನು? ಅಜ್ಜಿ ಎಣ್ಣೆಗೆಂಪು ಅಂತಿದ್ರಲ್ಲ, ಅದೇ

ಮೇಕಪ್ ವಿಡಿಯೋ ನೋಡೋರಿಗೆಲ್ಲ ಈ ಪದ ಕಿವಿಗೆ ಬಿದ್ದೇ ಇರತ್ತೆ, "ಫಸ್ಟ್ ನಿಮ್ಮ ಅಂಡರ್‌ಟೋನ್ ತಿಳ್ಕೊಳಿ" ಅಂತಾರೆ, ಹಾಗಂದ್ರೇನು ಅಂತ ಬಿಡಿಸಿ ಹೇಳ್ದೆ ಬ್ರಷ್ ಕೈಗೆತ್ಕೊಂಡ್‌ಬಿಡ್ತಾರೆ.

ಮೇಲ್ನೋಟಕ್ಕೆ ಕಾಣೋ ಬಣ್ಣ, ಬಿಳಿ, ಗೋಧಿ, ಕಪ್ಪು ಅಂತೀವಲ್ಲ, ಅದು ಸ್ಕಿನ್‌ಟೋನ್. ಬಿಸಿಲಲ್ಲಿ ಅಲೆದ್ರೆ ಏರತ್ತೆ, ನೆರಳಲ್ಲಿದ್ರೆ ಇಳಿಯತ್ತೆ. ಅದರಡಿಯಿಂದ ಇಣುಕೋ ಛಾಯೆ ಅಂಡರ್‌ಟೋನ್, ಟ್ಯಾನ್ ಆದ್ರೂ ಅದು ಹೆಚ್ಚುಕಮ್ಮಿ ಹಾಗೇ ಇರತ್ತೆ. ಹಳದಿ, ಚಿನ್ನದ ಕಡೆ ವಾಲಿದ್ರೆ ವಾರ್ಮ್, ಗುಲಾಬಿ ಅಥವಾ ನೀಲಿ ಕಡೆಗಿದ್ರೆ ಕೂಲ್, ಎರಡೂ ಎದ್ದು ಕಾಣ್ದಿದ್ರೆ ನ್ಯೂಟ್ರಲ್, ಸ್ವಲ್ಪ ಹಸಿರು ಹೊಡೆದ್ರೆ ಆಲಿವ್. ಚರ್ಮಕ್ಕೆ ಬಣ್ಣ ಕೊಡೋ ಮೆಲನಿನ್ ಅನ್ನೋ ವಸ್ತು ಎಷ್ಟಿದೆ, ಎಂಥದ್ದಿದೆ, ರಕ್ತದ ಕೆಂಪು ಎಷ್ಟು ಹೊರಗೆ ತೋರತ್ತೆ, ಎಲ್ಲ ಸೇರಿ ಆಗೋದು. ಕಪ್ಪಗಿರೋರೆಲ್ಲ ವಾರ್ಮ್ ಅನ್ನೋದು ಸುಳ್ಳು, ನೀಲಿ ಹೊಡೆಯೋ ಕಪ್ಪೂ ಇದೆ.

ನಮಗೆ ಇದು ಹೊಸ ವಿಷಯ ಅನ್ಕೋಬೇಡಿ. ಎಣ್ಣೆಗೆಂಪು, ಎಣ್ಣೆಗಪ್ಪು ಅನ್ನೋ ಪದಗಳನ್ನ ಒಂದ್ಸಲ ಬಾಯಲ್ಲಿಟ್ಟು ನೋಡಿ. ಎಷ್ಟು ಕಪ್ಪು ಅಂತಲ್ಲ, ಎಂಥಾ ಕಪ್ಪು ಅಂತ ಹೇಳ್ತಾವೆ. ಆಮೇಲೆ 1975ರಲ್ಲಿ ಫೇರ್ ಅಂಡ್ ಲವ್ಲಿ ಬಂತು, ಕಪ್ಪಿಂದ ಬಿಳಿಗೆ ಒಂದೇ ಏಣಿ, ಮೇಲಿದ್ದೋರಿಗೆ ಕೆಲಸ, ಗಂಡು ಎಲ್ಲ ಸಿಗತ್ತೆ ಅನ್ನೋ ಥರ ಜಾಹೀರಾತು. 2020ರಲ್ಲಿ ಹೆಸರಿಂದ ಫೇರ್ ತೆಗೆದು ಗ್ಲೋ ಮಾಡಿದ್ರು, ಏಣಿ ಮಾತ್ರ ನಮ್ ತಲೇಲಿ ಉಳ್ಕೊಂಡಿದೆ.

ಆ ಏಣಿ ಹತ್ತೋಕೆ ಹೋಗಿ ನಾನೂ ಬಿದ್ದಿದೀನಿ. ಅಕ್ಕನ ರಿಸೆಪ್ಷನ್‌ಗೆ ಮೇಕಪ್ ಮಾಡ್ದೋರು "ಫೋಟೋಲಿ ಚೆನ್ನಾಗ್ ಬರತ್ತೆ" ಅಂತ ಎರಡು ಶೇಡ್ ತಿಳಿ ಫೌಂಡೇಶನ್ (ಮುಖಕ್ಕೆಲ್ಲ ಬಳಿಯೋ ಮೈಬಣ್ಣದ ಮೇಕಪ್) ಹಚ್ಚಿದ್ರು, ನಾನೂ ಖುಷಿಯಿಂದ್ಲೇ ಕೂತಿದ್ದೆ, ಸ್ಟೇಜ್ ಲೈಟಿಗೆ ಬಂದ್ರೆ ಮುಖ ಒಂದು ಬಣ್ಣ, ಕತ್ತು ಇನ್ನೊಂದು, ಬಳೆ ಹಾಕಿದ ಕೈ ಮತ್ಯಾರದ್ದೋ. ದೊಡ್ಡಮ್ಮ ಹತ್ರ ಬಂದು "ಏನೇ, ವಿಭೂತಿ ಬಳ್ಕೊಂಡಿದೀಯಾ?" ಅಂದ್ರು. ಸರಿಯಾಗೇ ಹೇಳಿದ್ರು ಅನ್ನಿ. ಫೌಂಡೇಶನ್‌ನಲ್ಲಿ ಬಿಳಿಗೆ ಟೈಟಾನಿಯಂ ಡೈಆಕ್ಸೈಡ್ ಇರತ್ತೆ, ಬಣ್ಣಕ್ಕೆ ಕೆಂಪು, ಹಳದಿ, ಕಪ್ಪು ಐರನ್ ಆಕ್ಸೈಡ್. ಶೇಡ್ ತಿಳಿಯಾದಷ್ಟೂ ಬಿಳಿ ಜಾಸ್ತಿ, ಕಂದು ಚರ್ಮದ ಮೇಲೆ ಆ ಬಿಳಿ ತೆಳ್ಳಗೆ ಕೂತ್ರೆ ಬೂದಿ ಬಣ್ಣಾನೇ ಕಾಣೋದು.

ಕಂಡುಹಿಡಿಯೋದು ಹೇಗೆ? ಮಣಿಕಟ್ಟಿನ ನರ ಹಸಿರಾದ್ರೆ ವಾರ್ಮ್, ನೀಲಿಯಾದ್ರೆ ಕೂಲ್ ಅಂತಾರೆ, ಬಣ್ಣ ಗಾಢ ಇರೋರಿಗೆ ನರ ನೆಟ್ಟಗೆ ಕಾಣೋದೇ ಇಲ್ಲ. ಚಿನ್ನ ಒಪ್ಪಿದ್ರೆ ವಾರ್ಮ್, ಬೆಳ್ಳಿ ಒಪ್ಪಿದ್ರೆ ಕೂಲ್ ಅನ್ನೋದು ಇನ್ನೊಂದು ಟೆಸ್ಟ್, ಚಿನ್ನ ಒಪ್ಪಲ್ಲ ಅನ್ನೋರು ನಮ್ಮನೇಲಂತೂ ಯಾರೂ ಇಲ್ಲ 😄 ಹಾಗಾಗಿ ಮೂರು ಶೇಡ್ ತಗೊಂಡು ದವಡೆ ಅಂಚಿಂದ ಕತ್ತಿನವರೆಗೆ ಒಂದೊಂದು ಗೆರೆ ಎಳೀರಿ, ಅಂಗಡಿ ಲೈಟಲ್ಲಿ ನಂಬ್ಬೇಡಿ, ಬಾಗಿಲಾಚೆ ಹಗಲು ಬೆಳಕಿಗೆ ಬನ್ನಿ, ಕಾಲು ಗಂಟೆ ಬಿಟ್ಟು ನೋಡಿ, ಯಾಕಂದ್ರೆ ಕೆಲವು ಫೌಂಡೇಶನ್ ಆಮೇಲೆ ಗಾಢ ಆಗತ್ತೆ. ಮಾಯ ಆಗೋ ಗೆರೆ ನಿಮ್ಮದು. ಬಾಟಲಿ ಮೇಲಿನ ಅಕ್ಷರ ಕಂಪನಿಗೊಂದು ಥರ, ಮ್ಯಾಕ್ ಕಂಪನಿ ಬಾಟಲಿ ಮೇಲೆ ಎನ್‌ಸಿ ಅಂತಿದ್ರೆ, ಸಿ ನೋಡಿ ಕೂಲ್ ಅನ್ಕೋಬೇಡಿ, ಅದು ಕೂಲ್ ಮೈಬಣ್ಣಕ್ಕಲ್ಲ, ಹಳದಿ ಛಾಯೆಯೋರಿಗೆ.

ಈಗ ಶೇಡ್‌ಗಳೂ ಜಾಸ್ತಿ, 2017ರಲ್ಲಿ ಗಾಯಕಿ ರಿಹಾನಾ ಫೆಂಟಿ ಬ್ಯೂಟಿ ಅನ್ನೋ ಮೇಕಪ್ ಬ್ರ್ಯಾಂಡ್ ಶುರು ಮಾಡ್ದಾಗ ಒಟ್ಟಿಗೆ 40 ಶೇಡ್ ಇಟ್ಟಿದ್ರು, ಬೇರೆಯೋರೂ ಹೆಚ್ಚಿಸಲೇಬೇಕಾಯ್ತು.

ಕೊನೆಗೆ ನನ್ ಶೇಡ್ ನನಗೂ ಸಿಕ್ತು, ಅಂಗಡಿಯೋರು ತೋರ್ಸಿದ್ದಕ್ಕಿಂತ ಗಾಢ, ಒಳಗೆ ಹಳದಿ. ಮೊನ್ನೆ ನಾಮಕರಣಕ್ಕೆ ಅದನ್ನೇ ಹಚ್ಚಿ ಮೇಲೊಂದು ಇಟ್ಟಿಗೆ ಕೆಂಪು ಲಿಪ್‌ಸ್ಟಿಕ್ ಹಾಕ್ಕೊಂಡು ಹೋದೆ. ಎಲ್ಲ ಸೇರಿ ಮುಕ್ಕಾಲು ಗಂಟೆ. ದೊಡ್ಡಮ್ಮ ಗಲ್ಲ ಹಿಡಿದು ನೋಡಿ, "ಇವತ್ತು ಬರೀ ಲಿಪ್‌ಸ್ಟಿಕ್ಕಾ? ಹೀಗೇ ಇರೇ" ಅಂದ್ರು.