ಕೃಷಕ್: ಫಿರಂಗಿ ದಳಕ್ಕೆ ಕಣ್ಣಾದ ಬೆಂಗಳೂರಿನ ವಿಮಾನ

ಎಚ್‌ಎಎಲ್‌ನ ಕೃಷಕ್ ವಿಮಾನವನ್ನು ‘ದೊಡ್ಡ ಪುಷ್ಪಕ್’ ಎಂದು ಹೇಳಿ ಮುಗಿಸಿಬಿಡುವುದು ಸುಲಭ. ವಂಶಾವಳಿಯ ಮಟ್ಟಿಗೆ ಅದು ತಪ್ಪೂ ಅಲ್ಲ. ಡಾ. ವಿ.ಎಂ. ಘಾಟಗೆ ಅವರ ನೇತೃತ್ವದ ವಿನ್ಯಾಸ ತಂಡ ರೂಪಿಸಿದ, 1958ರಲ್ಲಿ ಹಾರಿದ ಪುಷ್ಪಕ್ 90 ಅಶ್ವಶಕ್ತಿಯ ಎರಡು ಆಸನಗಳ ತರಬೇತಿ ವಿಮಾನ. ಅದನ್ನೇ ಹಿಗ್ಗಿಸಿ 225 ಅಶ್ವಶಕ್ತಿಯ ಕಾಂಟಿನೆಂಟಲ್ ಎಂಜಿನ್ ಕೂರಿಸಿದಾಗ ಕೃಷಕ್ ಹುಟ್ಟಿತು. ಆದರೆ ವಿಮಾನ ನಿರ್ವಹಣೆಯ ಕಸುಬಿನಲ್ಲಿರುವ ನನಗೆ ಇವೆರಡರ ನಿಜವಾದ ಅಂತರ ಕಾಣುವುದು ಎಂಜಿನ್ನಿನಲ್ಲಲ್ಲ, ಹಿಂದಿನ ಆಸನದಲ್ಲಿ.

ಕೃಷಕ್‌ನ ಮೊದಲ ಮಾದರಿ 1959ರ ನವೆಂಬರಿನಲ್ಲಿ ಹಾರಿತು, ಎರಡನೆಯದು ಮರುವರ್ಷ. ಎಚ್‌ಎಎಲ್ ತಾನಾಗಿಯೇ ಕೈಗೆತ್ತಿಕೊಂಡ ಕೆಲಸವಾದ್ದರಿಂದ ಕೊಳ್ಳುವವರು ಯಾರೂ ಸಿದ್ಧರಿರಲಿಲ್ಲ. ಯೋಜನೆ ಅಲ್ಲಿಗೇ ನಿಂತಿತು. ಬ್ರಿಟನ್ನಿನ ಆಸ್ಟರ್ ವೀಕ್ಷಣಾ ವಿಮಾನಗಳಿಗೆ ಬದಲಿಯನ್ನು ಭೂಸೇನೆ ಹುಡುಕತೊಡಗಿದಾಗ ಅದಕ್ಕೆ ಮರುಜೀವ ಬಂತು. 1965ರಲ್ಲಿ ಸೇವೆಗೆ ಸೇರಿದ ಈ ವಿಮಾನಗಳು ಒಟ್ಟು ಸುಮಾರು ಎಪ್ಪತ್ತು ತಯಾರಾದವು.

ಇವುಗಳಿಗೆ ವಹಿಸಿದ, ಸೇನೆಯಲ್ಲಿ ‘ಏರ್ ಓಪಿ’ (ಏರ್ ಅಬ್ಸರ್ವೇಶನ್ ಪೋಸ್ಟ್, ಅಂದರೆ ಆಕಾಶದ ವೀಕ್ಷಣಾ ನೆಲೆ) ಎನ್ನುವ ಕೆಲಸವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಗುಡ್ಡದಾಚೆಯ ಗುರಿಯತ್ತ ಫಿರಂಗಿಯಿಂದ ಹಾರಿದ ಗುಂಡು ಎಲ್ಲಿ ಬಿತ್ತೆಂಬುದು ಫಿರಂಗಿಯ ಬಳಿ ನಿಂತವನಿಗೆ ಕಾಣುವುದಿಲ್ಲ. ಅದನ್ನು ಮೇಲಿನಿಂದ ನೋಡಿ, ಎಷ್ಟು ಎಡಕ್ಕೆ, ಎಷ್ಟು ಮುಂದಕ್ಕೆ ಎಂದು ರೇಡಿಯೋದಲ್ಲಿ ತಿದ್ದಲು ಒಬ್ಬರು ಬೇಕು. ಹೀಗಾಗಿ ಈ ವಿಮಾನಗಳನ್ನು ಹಾರಿಸುತ್ತಿದ್ದವರು ವಾಯುಪಡೆಯವರಲ್ಲ, ಫಿರಂಗಿ ದಳದ ಅಧಿಕಾರಿಗಳೇ. ಸಂದೇಶ ಮುಟ್ಟಿಸುವುದು, ಅಧಿಕಾರಿಗಳನ್ನು ಕರೆದೊಯ್ಯುವುದು ಇಂಥ ವಿಮಾನಗಳ ಇನ್ನೊಂದು ಕೆಲಸ.

ಕೃಷಕ್‌ನ ರಚನೆಯೆಲ್ಲ ಈ ಅಗತ್ಯಕ್ಕೆ ಹೊಂದುತ್ತದೆ. ರೆಕ್ಕೆ ತಲೆಯ ಮೇಲಿರುವುದರಿಂದ ಕೆಳಗಿನ ನೆಲ ಮರೆಯಾಗುವುದಿಲ್ಲ. ಮಡಚದ ಗಾಲಿಗಳು ಮತ್ತು ಬಾಲಚಕ್ರ ಒರಟು ಬಯಲಿನಲ್ಲೂ ನಡೆಯುತ್ತವೆ. ಕ್ಯಾಬಿನ್ನಿನ ಹಿಂಭಾಗದ ಮೂರನೆಯ ಆಸನವಂತೂ ತಿರುಗುವಂಥದ್ದು. ಪೈಲಟ್ ವಿಮಾನವನ್ನು ತಿರುಗಿಸಿದರೂ ವೀಕ್ಷಕ ತಾನೂ ತಿರುಗಿಕೊಂಡು ಗುರಿಯ ಮೇಲೆ ಕಣ್ಣಿಟ್ಟಿರಬಹುದು. ನನ್ನ ಮಟ್ಟಿಗೆ ಇಡೀ ವಿನ್ಯಾಸದ ಜಾಣತನವಿರುವುದು ಇಲ್ಲಿಯೇ.

ಅದರ ಮಿತಿ ಎತ್ತರದ್ದು. ಗಾಳಿಯನ್ನು ಒತ್ತಿ ತುಂಬುವ ಟರ್ಬೋಚಾರ್ಜರ್ ಇಲ್ಲದ ಪಿಸ್ಟನ್ ಎಂಜಿನ್, ಗಾಳಿ ತೆಳುವಾದಂತೆ ಸೊರಗುತ್ತದೆ; 3,000 ಮೀಟರಿನಲ್ಲಿ ಅದರ ಶಕ್ತಿ ಹೆಚ್ಚುಕಡಿಮೆ ಶೇ 70ಕ್ಕೆ ಇಳಿಯುವುದರಿಂದ 225ರಲ್ಲಿ 160ರಷ್ಟು ಅಶ್ವಶಕ್ತಿ ಉಳಿದರೆ ಹೆಚ್ಚು. ಹಿಮಾಲಯದ ಗಡಿಯಲ್ಲಿ ಇದು ಸಣ್ಣ ಕೊರತೆಯಲ್ಲ, ರನ್‌ವೇಗೆ ಬೇಕಾದ ಸಮತಟ್ಟು ಜಾಗವೂ ಅಲ್ಲಿ ಅಪರೂಪ. 1970ರ ದಶಕದ ನಡುವಿನ ಹೊತ್ತಿಗೆ, ಫ್ರಾನ್ಸಿನ ಲಾಮಾ ಹೆಲಿಕಾಪ್ಟರನ್ನು ಪರವಾನಗಿ ಪಡೆದು ಎಚ್‌ಎಎಲ್ ತಯಾರಿಸಿದ ಚೀತಾ, ಕೃಷಕ್‌ನ ಜಾಗಕ್ಕೆ ಬಂತು. ಆ ಲಾಮಾ 1972ರಲ್ಲಿ 12,442 ಮೀಟರ್ ಏರಿ ಹೆಲಿಕಾಪ್ಟರುಗಳ ಎತ್ತರದ ದಾಖಲೆ ಬರೆದಿತ್ತು.