ಗಾಡಿ ನೆಲಕ್ಕೆ ಕೂತ ಮೇಲೆ ಬೋಲ್ಟ್ ಬಿಗಿ ಮಾಡಿ

"ಅಣ್ಣಾ, ಬುಷ್ ಎಲ್ಲಾ ಹೊಸದು ಹಾಕಿಸಿದ್ದೆ. ಎಂಟು ತಿಂಗಳೂ ಆಗಿಲ್ಲ, ಮತ್ತೆ ಟಕ್ ಟಕ್ ಶುರುವಾಗಿದೆ. ಡೂಪ್ಲಿಕೇಟ್ ಪಾರ್ಟ್ಸ್ ಕೊಟ್ಟಿದ್ದಾರೆ."

ಈ ಮಾತನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಗಾಡಿ ಬಿಚ್ಚಿ ನೋಡಿದರೆ ಹೆಚ್ಚಿನ ಸಲ ಪಾರ್ಟ್ಸ್ ಒರಿಜಿನಲ್ಲೇ ಇರುತ್ತದೆ. ರಬ್ಬರಿನ ಮೇಲೆ ಕಂಪನಿಯ ಅಚ್ಚು ಇನ್ನೂ ಮಾಸಿರುವುದಿಲ್ಲ. ಆದರೆ ಆ ರಬ್ಬರ್ ಒಂದು ಬದಿಯಲ್ಲಿ ಹರಿದುಹೋಗಿರುತ್ತದೆ. ಬುಷ್ ಅಂದರೆ ಚಕ್ರ ಹಿಡಿದಿರುವ ಆರ್ಮ್ ಗಾಡಿಯ ಫ್ರೇಮಿಗೆ ಸೇರುವ ಕಡೆ ಕೂರಿಸುವ ರಬ್ಬರಿನ ಜೋಡಣೆ, ಅದರೊಳಗೇ ಬೋಲ್ಟ್ ಹೋಗುವುದು. ತಪ್ಪು ಬುಷ್‌ನದ್ದಲ್ಲ. ಗಾಡಿ ಗಾಳಿಯಲ್ಲಿ ನೇತಾಡುತ್ತಿರುವಾಗ ಬೋಲ್ಟ್ ಬಿಗಿ ಮಾಡಿದ್ದಾರೆ, ಅಷ್ಟೇ. ಇವತ್ತು ನಾನು ಬರೆಯುವುದು ಈ ಒಂದೇ ವಿಷಯದ ಬಗ್ಗೆ.

ನನ್ನ ಊರು ಕಾಪು ಕಡೆ. ಶಾರ್ಜಾದ ಇಂಡಸ್ಟ್ರಿಯಲ್ ಏರಿಯಾದಲ್ಲಿ ಗ್ಯಾರೇಜ್ ಇಟ್ಟು 19 ವರ್ಷವಾಯಿತು. ಹಳೆಯ ಸ್ಪೋರ್ಟ್ಸ್ ಕಾರುಗಳು ಇಲ್ಲಿ ಬೇಕಾದಷ್ಟಿವೆ. ಮಜ್ದಾ ಎಂಎಕ್ಸ್-5, ನಿಸ್ಸಾನ್ 350ಝಡ್, ಹೋಂಡಾ ಎಸ್2000. ಕೆಲಸಕ್ಕೆ ಬಂದ ನಮ್ಮ ಕನ್ನಡದ ಹುಡುಗರು ಐದಾರು ವರ್ಷ ದುಡ್ಡು ಕೂಡಿಸಿ ಇಂಥದ್ದೊಂದನ್ನು ಕೊಳ್ಳುತ್ತಾರೆ. ರಜಾದಿನ ಬೆಳಗ್ಗೆ ಬೇಗ ಎದ್ದು ಜೆಬೆಲ್ ಜೈಸ್ ಬೆಟ್ಟಕ್ಕೋ ಖೋರ್ ಫಕ್ಕಾನ್ ಕಡೆಗೋ ಹೊರಡುತ್ತಾರೆ. ನನಗೆ ಅವರನ್ನು ಕಂಡರೆ ಪ್ರೀತಿ. ಅದಕ್ಕೇ ಅವರ ದುಡ್ಡು ಎರಡೆರಡು ಸಲ ಹೋಗುವುದನ್ನು ನೋಡಿದರೆ ಸಂಕಟವಾಗುತ್ತದೆ.

ನಾನು ಇಲ್ಲಿ ಎಂಎಕ್ಸ್-5 ಕಾರನ್ನೇ ಇಟ್ಟುಕೊಂಡು ಹೇಳುತ್ತೇನೆ. 1989ರಲ್ಲಿ ಶಿಕಾಗೋ ಆಟೋ ಶೋನಲ್ಲಿ ಬಂದ ಕಾರು. ಮೊದಲ ಎರಡು ತಲೆಮಾರಿನ ಗಾಡಿಗಳಲ್ಲಿ ನಾಲ್ಕೂ ಚಕ್ರಕ್ಕೆ ಡಬಲ್ ವಿಶ್‌ಬೋನ್. ಅಂದರೆ ಪ್ರತಿ ಚಕ್ರವನ್ನು ಮೇಲೊಂದು ಆರ್ಮ್, ಕೆಳಗೊಂದು ಆರ್ಮ್ ಹಿಡಿದುಕೊಂಡಿರುತ್ತದೆ. ಮುಂದಿನ ಚಕ್ರದ ಒಂದು ಬದಿಗೇ ನಾಲ್ಕು ಬುಷ್. ಈ ಕಾರಿಗೆ ಮಜ್ದಾದವರು 'ಜಿಂಬಾ ಇತ್ತಾಯಿ' ಅನ್ನುವ ಜಪಾನಿ ಮಾತು ಬಳಸುತ್ತಾರೆ. ಕುದುರೆಯೂ ಸವಾರನೂ ಒಂದೇ ಜೀವ ಅಂತ ಅರ್ಥ. ನಮ್ಮ ಕಡೆ ಕಂಬಳದಲ್ಲಿ ಕೋಣದ ಹಿಂದೆ ಓಡುವವನನ್ನು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಸ್ಟೇರಿಂಗ್ ಸ್ವಲ್ಪ ತಿರುಗಿಸಿದರೆ ಸಾಕು, ಗಾಡಿ ನಮ್ಮ ಮನಸ್ಸು ಓದಿದ ಹಾಗೆ ತಿರುಗಬೇಕು. ಬುಷ್ ಸತ್ತರೆ ಈ ಹೊಂದಾಣಿಕೆಯೇ ಮೊದಲು ಹೋಗುವುದು. ಶಬ್ದ ಬರುವುದು ಆಮೇಲೆ.

ಈಗ ಬುಷ್ ಒಳಗೆ ಏನಾಗುತ್ತದೆ ನೋಡೋಣ. ಹೊರಗೆ ಆರ್ಮಿನಲ್ಲಿ ಕೂತ ಒಂದು ಕಬ್ಬಿಣದ ಕೊಳವೆ, ಒಳಗೆ ಬೋಲ್ಟ್ ಹೋಗುವ ಒಂದು ಸಣ್ಣ ಕೊಳವೆ, ನಡುವೆ ರಬ್ಬರ್. ಆ ರಬ್ಬರ್ ಎರಡೂ ಕೊಳವೆಗೆ ಅಂಟಿಕೊಂಡಿರುತ್ತದೆ. ಬೋಲ್ಟ್ ಬಿಗಿ ಮಾಡಿದ ಕೂಡಲೇ ಒಳಗಿನ ಕೊಳವೆ ಗಾಡಿಯ ಫ್ರೇಮಿಗೆ ಕಚ್ಚಿಕೊಂಡು ನಿಲ್ಲುತ್ತದೆ, ಅಲುಗಾಡುವುದಿಲ್ಲ. ಆರ್ಮ್ ಮೇಲೆ ಕೆಳಗೆ ಹೋದಾಗ ಹೊರಗಿನ ಕೊಳವೆ ಮಾತ್ರ ತಿರುಗುತ್ತದೆ. ನಡುವಿನ ರಬ್ಬರ್ ಒದ್ದೆ ಬಟ್ಟೆ ಹಿಂಡಿದ ಹಾಗೆ ತಿರುಚಿ ಹಿಂಡಿಕೊಳ್ಳುತ್ತದೆ.

ಬಾಗಿಲ ಕೀಲಿನ ಹಾಗೆ ಒಳಗೆ ಜಾರುತ್ತದೆ ಅಂತ ಜನ ತಿಳಿದಿದ್ದಾರೆ. ಕೆಲವು ಮೆಕ್ಯಾನಿಕ್‌ಗಳೂ ಹಾಗೇ ತಿಳಿದಿದ್ದಾರೆ. ಎಲ್ಲಾ ಎಡವಟ್ಟು ಆಗುವುದು ಇಲ್ಲೇ. ನಾನು ಗ್ಯಾರೇಜಿಗೆ ಬಂದವರಿಗೆ ಹೀಗೆ ತೋರಿಸುತ್ತೇನೆ. ಬಲಗೈಯಿಂದ ಎಡ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿಯಿರಿ. ಹಿಡಿತ ಸಡಿಲ ಬಿಡದೆ ಬಲಗೈ ತಿರುಗಿಸಿ. ಚರ್ಮ ಸ್ವಲ್ಪ ದೂರ ಜೊತೆಗೆ ಬರುತ್ತದೆ, ಆಮೇಲೆ ಉರಿ ಶುರುವಾಗುತ್ತದೆ. ಒಳಗಿನ ಮೂಳೆ ತಿರುಗಲಿಲ್ಲ, ಹೊರಗಿನ ಹಿಡಿತ ಜಾರಲಿಲ್ಲ, ನಡುವಿನ ಚರ್ಮವೇ ಎಳೆದುಕೊಂಡಿತು. ಬುಷ್ ರಬ್ಬರಿನ ಪಾಡೂ ಅದೇ.

ಇನ್ನೊಂದು ಸಣ್ಣ ಲೆಕ್ಕ ಹೇಳುತ್ತೇನೆ. ಆರ್ಮ್ 30 ಸೆಂಟಿಮೀಟರ್ ಉದ್ದ ಇದೆ ಅಂತ ಇಟ್ಟುಕೊಳ್ಳಿ. ಗಾಡಿಯನ್ನು ಲಿಫ್ಟಿಗೆ ಹಾಕಿ ಎತ್ತಿದಾಗ ಚಕ್ರ 8 ಸೆಂಟಿಮೀಟರ್ ಕೆಳಗೆ ಇಳಿಯಿತು ಅನ್ನಿ. ಆರ್ಮ್ ಸುಮಾರು 15 ಡಿಗ್ರಿ ತಿರುಗಿತು. ಆ ಸ್ಥಿತಿಯಲ್ಲಿ ಬೋಲ್ಟ್ ಬಿಗಿ ಮಾಡಿದರೆ ರಬ್ಬರಿಗೆ ಅದೇ ಆರಾಮದ ಜಾಗ ಆಗಿಬಿಡುತ್ತದೆ. ಗಾಡಿ ಕೆಳಗಿಳಿಸಿದ ಕೂಡಲೇ ರಬ್ಬರ್ 15 ಡಿಗ್ರಿ ಹಿಂಡಿಕೊಳ್ಳುತ್ತದೆ. ಗಾಡಿ ಸುಮ್ನೆ ನಿಂತಿದ್ದರೂ ಅಷ್ಟು ಹಿಂಡಿಕೊಂಡೇ ಇರುತ್ತದೆ. ರಾತ್ರಿ ನೀವು ಮಲಗಿದ್ದಾಗಲೂ ಅದಕ್ಕೆ ಬಿಡುವಿಲ್ಲ. ಇನ್ನು ಹಂಪ್ ಹಾರಿ ಚಕ್ರ 5 ಸೆಂಟಿಮೀಟರ್ ಮೇಲಕ್ಕೆ ಹೋದರೆ ಇನ್ನೊಂದು 10 ಡಿಗ್ರಿ. ಒಟ್ಟು 25.

ಅದೇ ಬೋಲ್ಟನ್ನು ಗಾಡಿ ಚಕ್ರದ ಮೇಲೆ ನಿಂತಾಗ ಬಿಗಿ ಮಾಡಿದ್ದರೆ? ನಿಂತಾಗ ಸೊನ್ನೆ. ಹಂಪಿನಲ್ಲಿ ಆ ಕಡೆ 10, ಗುಂಡಿಯಲ್ಲಿ ಈ ಕಡೆ ಒಂದಿಷ್ಟು. ರಬ್ಬರ್ ಆಚೆ ಈಚೆ ಆಡುತ್ತಾ ಬಹಳ ವರ್ಷ ಬರುತ್ತದೆ. ಬುಷ್ ಎರಡೂ ಕಡೆ ಒಂದೇ, ಬೋಲ್ಟ್ ಒಂದೇ, ಬಿಗಿ ಮಾಡಿದ ಜೋರೂ ಒಂದೇ. ಬಿಗಿ ಮಾಡಿದ ಹೊತ್ತು ಮಾತ್ರ ಬೇರೆ.

ಇದನ್ನು ನನಗೆ ಹೇಳಿಕೊಟ್ಟವರು ಊರಿನ ನನ್ನ ಉಸ್ತಾದರು. ಆಗ ಓಮ್ನಿ ವ್ಯಾನ್‌ಗಳ ಕಾಲ. ಹಿಂದೆ ಲೀಫ್ ಸ್ಪ್ರಿಂಗ್ ಅಂದರೆ ಪಟ್ಟಿ ಸ್ಪ್ರಿಂಗ್, ಅದರ ತುದಿಯ ಬಳೆಯಂಥ ಕಣ್ಣಿನಲ್ಲಿ ರಬ್ಬರ್ ಬುಷ್. ನಾನು ಜಾಕ್ ಮೇಲೆ ಇರುವಾಗಲೇ ನಟ್ ಬಿಗಿ ಮಾಡಲು ಹೋದರೆ ಸ್ಪ್ಯಾನರ್ ಕಿತ್ತುಕೊಳ್ಳುತ್ತಿದ್ದರು. "ಎಂತ ಅವಸರ ಮಾರಾಯಾ ನಿನಗೆ? ಬಂಡಿ ನೆಲಕ್ಕೆ ಕೂತುಕೊಳ್ಳಲಿ, ಮತ್ತೆ ಬಿಗಿ ಮಾಡು." ಡಿಗ್ರಿ ಲೆಕ್ಕ ಅವರು ಹೇಳಲಿಲ್ಲ. ಕಾರಣ ನನಗೆ ಅರ್ಥವಾದದ್ದು ಇಲ್ಲಿಗೆ ಬಂದ ಮೇಲೆ, ಕಂಪನಿ ಮ್ಯಾನ್ಯುಯಲ್ ಓದಿದಾಗ.

ಒಂದು ವಿಷಯ ನನಗೆ ತುಂಬಾ ಸಲ ಅನಿಸಿದೆ. ನಮ್ಮೂರ ಹಳೆಯ ಗ್ಯಾರೇಜುಗಳಲ್ಲಿ ನೆಲದಲ್ಲಿ ಗುಂಡಿ ಇರುತ್ತಿತ್ತು. ಗಾಡಿ ತನ್ನ ಚಕ್ರದ ಮೇಲೇ ನಿಂತಿರುತ್ತಿತ್ತು, ಮೆಕ್ಯಾನಿಕ್ ಕೆಳಗೆ ಇಳಿಯುತ್ತಿದ್ದ. ಈ ಕೆಲಸಕ್ಕೆ ಅದಕ್ಕಿಂತ ಒಳ್ಳೆ ಜಾಗ ಇಲ್ಲ. ಎರಡು ಕಂಬದ ಲಿಫ್ಟ್ ಬಂತು, ಗಾಡಿಯ ಹೊಟ್ಟೆ ಹಿಡಿದು ಎತ್ತಿತು, ಚಕ್ರಗಳು ನೇತಾಡಿದವು. ಕೈಗೆ ಎಲ್ಲಾ ಸುಲಭವಾಗಿ ಸಿಗುತ್ತದೆ. ಸಿಕ್ಕಿದಾಗಲೇ ಬಿಗಿ ಮಾಡಿ ಮುಗಿಸುವ ಅಭ್ಯಾಸವೂ ಬಂತು.

"ಅಲೈನ್‌ಮೆಂಟ್ ಮಾಡಿಸಿದ್ದೀನಲ್ಲಾ, ಅದರಲ್ಲಿ ಸರಿ ಆಗಲ್ವಾ?" ಅಂತ ಕೇಳುತ್ತಾರೆ. ಅಲೈನ್‌ಮೆಂಟ್ ಅಂದರೆ ಚಕ್ರಗಳ ಕೋನ ಸರಿಮಾಡುವುದು. ಅರ್ಧ ಆಗುತ್ತದೆ. ಎಂಎಕ್ಸ್-5ರಲ್ಲಿ ಕೆಳಗಿನ ಆರ್ಮಿನ ಬೋಲ್ಟುಗಳಿಗೆ ಕ್ಯಾಮ್ ಇದೆ, ಅಂದರೆ ತಿರುಗಿಸಿದರೆ ಆರ್ಮನ್ನು ಸ್ವಲ್ಪ ಸರಿಸುವ ಬಿಲ್ಲೆ. ಅದನ್ನು ತಿರುಗಿಸಿಯೇ ಅಲೈನ್‌ಮೆಂಟ್ ಮಾಡುವುದು. ಅಲೈನ್‌ಮೆಂಟಿನವನು ಗಾಡಿ ಚಕ್ರದ ಮೇಲೆ ನಿಂತಿರುವಾಗ ಆ ಬೋಲ್ಟ್ ಸಡಿಲ ಮಾಡುತ್ತಾನೆ, ಹಿಂಡಿದ ರಬ್ಬರ್ ಬಿಟ್ಟುಕೊಳ್ಳುತ್ತದೆ, ಮತ್ತೆ ಬಿಗಿ ಮಾಡುತ್ತಾನೆ. ಗೊತ್ತಿಲ್ಲದೆಯೇ ಕೆಳಗಿನ ಬುಷ್ ಉಳಿಸಿಬಿಡುತ್ತಾನೆ. ಆದರೆ ಮುಂದಿನ ಮೇಲಿನ ಆರ್ಮಿಗೆ ಒಂದೇ ಉದ್ದ ಬೋಲ್ಟ್, ಕ್ಯಾಮ್ ಇಲ್ಲ. ಅದನ್ನು ಅವನು ಮುಟ್ಟುವುದೇ ಇಲ್ಲ. ನನ್ನ ಹತ್ತಿರ ಬರುವ ಗಾಡಿಗಳಲ್ಲಿ ಹರಿದಿರುವುದೂ ಜಾಸ್ತಿ ಆ ಮೇಲಿನ ಆರ್ಮಿನ ಬುಷ್‌ಗಳೇ.

ಎರಡು ವರ್ಷದ ಹಿಂದೆ ದಾವಣಗೆರೆಯ ಹುಡುಗನೊಬ್ಬ ಬಂದಿದ್ದ. ಅಬುಧಾಬಿಯ ಒಂದು ಆಸ್ಪತ್ರೆಯಲ್ಲಿ ಕೆಲಸ. ಕೆಂಪು ಬಣ್ಣದ 2001ರ ಎಂಎಕ್ಸ್-5. ಬೇರೆಲ್ಲೋ ಪೂರ್ತಿ ಬುಷ್ ಸೆಟ್ ಬದಲಿಸಿದ್ದ, ಏಳು ತಿಂಗಳಾಗಿತ್ತು. ಮುಂದೆ ಶಬ್ದ. ಜೊತೆಗೆ, ಬುಷ್ ಹಾಕಿದಾಗಿನಿಂದ ಗಾಡಿ ಮುಂದೆ ಸ್ವಲ್ಪ ಎತ್ತರ ಕಾಣುತ್ತದೆ ಅಂದ. ಆ ಮಾತು ಕೇಳಿದ ಕೂಡಲೇ ನನಗೆ ವಿಷಯ ಗೊತ್ತಾಯಿತು. ಹಿಂಡಿಕೊಂಡ ರಬ್ಬರ್ ತಾನೂ ಒಂದು ಸ್ಪ್ರಿಂಗಿನ ಹಾಗೆ ಗಾಡಿಯನ್ನು ಮೇಲೆ ತಳ್ಳುತ್ತಿರುತ್ತದೆ.

ನಾಲ್ಕು ಕಂಬದ ಲಿಫ್ಟಿಗೆ ಹತ್ತಿಸಿದೆ, ಚಕ್ರದ ಮೇಲೇ ನಿಂತಿತ್ತು. ಚಕ್ರದ ನಡುವಿನಿಂದ ಫೆಂಡರ್ ಅಂಚಿನವರೆಗೆ, ಅಂದರೆ ಚಕ್ರದ ಮೇಲಿನ ತಗಡಿನ ಅಂಚಿನವರೆಗೆ, ಅಳತೆ ತೆಗೆದೆ. ಅವನಿಗೆ ಟಾರ್ಚ್ ಹಿಡಿಯಲು ಹೇಳಿ, ಬಲಗಡೆ ಮೇಲಿನ ಆರ್ಮಿನ ನಟ್ ಮೆಲ್ಲಗೆ ಸಡಿಲ ಮಾಡಿದೆ. ಅರ್ಧ ಸುತ್ತು, ಮುಕ್ಕಾಲು ಸುತ್ತು. ಆಮೇಲೆ 'ಟಣ್' ಅಂತ ಒಂದು ಸದ್ದು. ಒಳಗಿನ ಕೊಳವೆ ಒಂದೇ ಏಟಿಗೆ ತಿರುಗಿತು. ಅದರ ಮುಖದ ಮೇಲೆ ನಾನು ಎಳೆದಿದ್ದ ಚಾಕ್ ಗೆರೆ ಪಕ್ಕಕ್ಕೆ ಸರಿದಿತ್ತು. ಎಡಗಡೆಯದ್ದೂ ಸಡಿಲ ಮಾಡಿ, ಬಾನೆಟ್ ಒತ್ತಿ ಒತ್ತಿ ಬಿಟ್ಟು ಮತ್ತೆ ಅಳೆದರೆ ಮುಂಭಾಗ 1 ಸೆಂಟಿಮೀಟರಿಗಿಂತ ಜಾಸ್ತಿ ಇಳಿದಿತ್ತು. ಹುಡುಗ ಟೇಪ್ ಹಿಡಿದುಕೊಂಡು ತಾನೇ ಎರಡು ಸಲ ಅಳೆದ.

"ಹಂಗಾರೆ ಪಾರ್ಟ್ಸ್ ಕೊಟ್ಟೋರಿಗೆ ನಾನು ಸುಮ್ನೆ ಬೈದೆನಾ ಅಣ್ಣಾ?" ಅಂದ.

"ಹೌದು ಮಾರಾಯಾ. ಆದರೆ ನಿನಗೆ ಯಾರೂ ಹೇಳಿರಲಿಲ್ಲ ಅಲ್ವಾ" ಅಂದೆ.

ಬುಷ್ ಹೊರಗೆ ತೆಗೆದು ಬೆಂಚಿನ ಮೇಲೆ ಇಟ್ಟೆವು. ರಬ್ಬರಿನಲ್ಲಿ ಬಿದಿಗೆ ಚಂದ್ರನ ಆಕಾರದ ಬಿರುಕು, ಒಂದೇ ಬದಿಯಲ್ಲಿ. ವಯಸ್ಸಾಗಿ ಸತ್ತ ಬುಷ್ ಹೀಗೆ ಕಾಣುವುದಿಲ್ಲ. ಅದು ಸುತ್ತಲೂ ಒಣಗಿ, ಸಣ್ಣ ಸಣ್ಣ ಗೆರೆ ಬಿದ್ದು, ಗಟ್ಟಿಯಾಗಿರುತ್ತದೆ. ಇಲ್ಲಿಯ ಬಿಸಿಲಿಗೆ ಅಂಥದ್ದೂ ಬೇಕಾದಷ್ಟು ನೋಡುತ್ತೇವೆ.

ನಾನು ಮಾಡುವ ಕ್ರಮ ಇಷ್ಟು. ಬಿಚ್ಚುವ ಮೊದಲೇ, ಗಾಡಿ ನೆಲದಲ್ಲಿರುವಾಗ, ನಾಲ್ಕೂ ಚಕ್ರದ ನಡುವಿನಿಂದ ಫೆಂಡರ್ ಅಂಚಿಗೆ ಅಳತೆ ತೆಗೆದು ಬರೆದಿಡುತ್ತೇನೆ. ಹೊಸ ಬುಷ್ ಪ್ರೆಸ್ ಮಾಡಿ ಆರ್ಮ್ ಕೂರಿಸಿದ ಮೇಲೆ ನಟ್‌ಗಳನ್ನು ಕೈಯಲ್ಲಿ ತಾಗುವಷ್ಟೇ ತಿರುಗಿಸುತ್ತೇನೆ. ಗಾಡಿ ಚಕ್ರದ ಮೇಲೆ ಇಳಿಸಿ, ಸ್ವಲ್ಪ ಹಿಂದೆ ಮುಂದೆ ಉರುಳಿಸಿ, ನಾಲ್ಕು ಮೂಲೆ ಒತ್ತಿ ಕೂರಿಸುತ್ತೇನೆ. ಆಮೇಲೆ ಎಷ್ಟು ಬಿಗಿ ಅಂತ ಅಳೆಯುವ ಟಾರ್ಕ್ ರೆಂಚಿನಿಂದ, ಮ್ಯಾನ್ಯುಯಲ್‌ನಲ್ಲಿ ಹೇಳಿದಷ್ಟು ಬಿಗಿ ಮಾಡುತ್ತೇನೆ. ನಾಲ್ಕು ಕಂಬದ ಲಿಫ್ಟ್ ಇಲ್ಲದವರು ಆರ್ಮಿನ ಹೊರತುದಿಗೆ ಜಾಕ್ ಕೊಟ್ಟು, ಬರೆದಿಟ್ಟ ಅಳತೆ ಬರುವ ತನಕ ಎತ್ತಿ ಬಿಗಿ ಮಾಡಬಹುದು. ಆದರೆ ಎಚ್ಚರ. ಇದು ಸುಮಾರು 1000 ಕಿಲೋ ತೂಗುವ ಹಗುರ ಗಾಡಿ. ಅಳತೆ ಬರುವ ಮೊದಲೇ ಗಾಡಿಯೇ ಲಿಫ್ಟಿನಿಂದ ಏಳಲು ಶುರುವಾಗಬಹುದು. ಮನೆಯಲ್ಲಿ ಮಾಡುವವರು ಬರೀ ಜಾಕ್ ನಂಬಿ ಗಾಡಿ ಅಡಿಗೆ ಹೋಗಲೇಬೇಡಿ.

ಅಮೆರಿಕದಿಂದ ಬಂದ ಗಾಡಿಗಳ ಕಥೆ ಬೇರೆ. ಅಲ್ಲಿ ಹಿಮ ಬೀಳುವ ರಾಜ್ಯಗಳಲ್ಲಿ ರಸ್ತೆಗೆ ಉಪ್ಪು ಹಾಕುತ್ತಾರೆ. ಕ್ಯಾಮ್ ಬೋಲ್ಟ್ ಬುಷ್‌ನ ಒಳಕೊಳವೆಗೆ ತುಕ್ಕು ಹಿಡಿದು ಒಂದಾಗಿರುತ್ತದೆ. ಹಾಗಿದ್ದರೆ ಅಲೈನ್‌ಮೆಂಟಿನವನು ನಟ್ ಸಡಿಲ ಮಾಡಿದರೂ ರಬ್ಬರ್ ಬಿಟ್ಟುಕೊಳ್ಳುವುದಿಲ್ಲ. ಜೋರು ಮಾಡಿದರೆ ಬೋಲ್ಟ್ ಜೊತೆ ರಬ್ಬರೂ ತಿರುಗಿ ಹರಿಯುತ್ತದೆ. ಆ ಬೋಲ್ಟ್ ಕತ್ತರಿಸಿ ತೆಗೆಯಲೇಬೇಕು. ಅದಕ್ಕೆ ಇಡೀ ದಿನ ಹೋಗುತ್ತದೆ. ಬಿಲ್ಲಿನಲ್ಲಿ ಹೊಸ ಬೋಲ್ಟಿನ ದುಡ್ಡು ನೋಡಿ ಬೇಜಾರು ಮಾಡಿಕೊಳ್ಳಬೇಡಿ. ಹೊಸದು ಹಾಕುವಾಗ ಬೋಲ್ಟಿನ ನಡುಭಾಗಕ್ಕೆ ತೆಳ್ಳಗೆ ಗ್ರೀಸ್ ಹಚ್ಚಿಸಿ.

ರಬ್ಬರಿನ ಬದಲು ಪಾಲಿಯುರೆಥೇನ್ ಅನ್ನುವ ಗಟ್ಟಿ ಪ್ಲಾಸ್ಟಿಕ್‌ನಂಥ ಬುಷ್ ಹಾಕಿಸಲಾ ಅಂತ ಕೇಳುವವರಿಗೆ ಒಂದು ಮಾತು. ಅದು ಅಂಟಿಕೊಂಡಿರುವುದಿಲ್ಲ, ಕೊಳವೆಯ ಮೇಲೆ ಜಾರುತ್ತದೆ. ಹಾಗಾಗಿ ಮೇಲೆ ಹೇಳಿದ ಹಿಂಡುವ ತೊಂದರೆ ಅದಕ್ಕಿಲ್ಲ. ಆದರೆ ಗ್ರೀಸ್ ಒಣಗಿದರೆ ಕಿರ್ರೆನ್ನುತ್ತದೆ, ರಸ್ತೆಯ ಅದುರು ಸೀಟಿಗೇ ಬರುತ್ತದೆ. ಟ್ರ್ಯಾಕಿಗೆ ಹೋಗುವವರಿಗೆ ಸರಿ. ವಾರಕ್ಕೊಮ್ಮೆ ಬೆಟ್ಟ ಹತ್ತುವವರಿಗೆ ಕಂಪನಿ ರಬ್ಬರೇ ಸಾಕು ಅನ್ನುವುದು ನನ್ನ ಅಭಿಪ್ರಾಯ. ಕೆಲವು ಕಾರುಗಳಲ್ಲಿ ರಬ್ಬರಿನ ಬದಲು ಬಾಲ್‌ನಂತೆ ತಿರುಗುವ ಜಾಯಿಂಟ್ ಇರುತ್ತದೆ. ನಿಮ್ಮ ಕಾರಿನಲ್ಲಿ ಎಲ್ಲಿ ಏನಿದೆ ಅಂತ ಮ್ಯಾನ್ಯುಯಲ್ ನೋಡದೆ ನಾನು ಇಲ್ಲಿಂದಲೇ ಹೇಳಲಾರೆ.

ಈಗಾಗಲೇ ಹಾಕಿಸಿದವರು ಗಾಬರಿಯಾಗಬೇಡಿ. ಮೆಕ್ಯಾನಿಕ್‌ಗೆ ಒಂದೇ ಪ್ರಶ್ನೆ ಕೇಳಿ, ಬೋಲ್ಟ್ ಕೊನೆಗೆ ಬಿಗಿ ಮಾಡುವಾಗ ಗಾಡಿ ಎಲ್ಲಿತ್ತು? ಲಿಫ್ಟಿನಲ್ಲಿ ನೇತಾಡುತ್ತಿತ್ತು ಅಂದರೆ, ಮತ್ತು ಹಾಕಿಸಿ ಒಂದೆರಡು ವಾರವಷ್ಟೇ ಆಗಿದ್ದರೆ, ಹೊಸ ಬುಷ್ ಕೊಳ್ಳುವ ಅಗತ್ಯ ಹೆಚ್ಚಾಗಿ ಬರುವುದಿಲ್ಲ. ಗಾಡಿ ಚಕ್ರದ ಮೇಲೆ ನಿಲ್ಲಿಸಿ ಎಲ್ಲಾ ಬೋಲ್ಟ್ ಸಡಿಲ ಮಾಡಿ, ಕೂರಿಸಿ, ಮತ್ತೆ ಬಿಗಿ ಮಾಡಿಸಿ. ಮೇಲಿನ ಆರ್ಮಿನ ಉದ್ದ ಬೋಲ್ಟ್ ಮರೆಯಬೇಡಿ. ಎತ್ತರ ಬದಲಾಗುವುದರಿಂದ ಅಲೈನ್‌ಮೆಂಟ್ ಆಮೇಲೆ ಮಾಡಿಸಿ, ಮೊದಲೇ ಮಾಡಿಸಿ ದುಡ್ಡು ಹಾಳು ಮಾಡಬೇಡಿ. ದಾವಣಗೆರೆಯ ಹುಡುಗನ ಗಾಡಿಯಲ್ಲಿ ಮುಂದಿನ ಕೆಳಗಿನ ಆರ್ಮುಗಳ ನಾಲ್ಕೂ ಬುಷ್ ಹಾಗೇ ಉಳಿದವು. ಮೇಲಿನ ನಾಲ್ಕು ಮಾತ್ರ ಹೊಸದು ಹಾಕಿದೆ. ಮೊನ್ನೆ ಪಾಸಿಂಗಿಗೆ, ಅಂದರೆ ಇಲ್ಲಿಯ ಗಾಡಿ ತಪಾಸಣೆಗೆ, ಮೊದಲು ತೋರಿಸಲು ತಂದಿದ್ದ. ಟಾರ್ಚ್ ಹಾಕಿ ನೋಡಿದೆ, ಎಂಟೂ ಗಟ್ಟಿಯಾಗಿವೆ.